ಸೈಡ್ ಸ್ಟೆಪ್‌ನ ಪ್ಯಾಡ್ ಸವೆದು ನುಣುಪಾಗಿದೆ: ಪ್ಯಾಡ್ ಮಾತ್ರ ಬದಲಿಸಬಹುದೇ?

ಮಣ್ಣುರಸ್ತೆ:
ನಮಸ್ಕಾರ. ನನ್ನದು 11 ವರ್ಷ ಹಳೆಯ ಡಬಲ್ ಕ್ಯಾಬ್ ಪಿಕಪ್. ಎರಡೂ ಬದಿಗೆ ಉಕ್ಕಿನ ಕೊಳವೆಯ ಸೈಡ್ ಸ್ಟೆಪ್, ಅಂದರೆ ಹತ್ತಿ ಇಳಿಯಲು ಕಾಲಿಡುವ ಮೆಟ್ಟಿಲು ಇದೆ, ಕಪ್ಪು ಪೌಡರ್ ಕೋಟಿಂಗ್ ಇರುವಂಥದ್ದು. ಒಂದೊಂದು ಬಾಗಿಲ ಕೆಳಗೆ ಒಂದೊಂದರಂತೆ ನಾಲ್ಕು ಪ್ಲಾಸ್ಟಿಕ್ ಪ್ಯಾಡ್‌ಗಳು. ಚಾಲಕನ ಬಾಗಿಲಿನ ಪ್ಯಾಡ್ ಬಳಸಿ ಉಳಿದ ಸಾಬೂನಿನ ಬಿಲ್ಲೆಯಂತಾಗಿದೆ. ಕಾಲಿಡುವ ಜಾಗದಲ್ಲಿ ಒಂದು ಗೆರೆಯೂ ಉಳಿದಿಲ್ಲ. ಕಳೆದ ವಾರ ಮಳೆಯಲ್ಲಿ ಇಳಿಯುವಾಗ ಕಾಲು ಜಾರಿ, ಮೊಣಕಾಲಿನ ಕೆಳಗೆ ಎಲುಬಿನ ಮೇಲೆಯೇ ಸ್ಟೆಪ್‌ನ ಅಂಚು ಬಡಿಯಿತು. ಗೇಣುದ್ದ ಚರ್ಮ ಕಿತ್ತು ಹೋಗಿದೆ.

ಗ್ಯಾರೇಜ್ ಒಂದರಲ್ಲಿ ಕೇಳಿದೆ. ಪ್ಯಾಡ್ ಬೇರೆಯಾಗಿ ಬರುವುದಿಲ್ಲ, ಸ್ಟೆಪ್ ಪೂರ್ತಿ ಹಾಕಿಸಿಕೊಳ್ಳಿ ಎಂದರು. ಕೊಳವೆ ಗಟ್ಟಿಯಾಗಿದೆ, ಅಲ್ಲಾಡುವುದಿಲ್ಲ. ಚಪ್ಪಲಿಯ ಉಂಗುಷ್ಠ ಕಿತ್ತರೆ ಚಪ್ಪಲಿಯನ್ನೇ ಎಸೆಯುವುದು ನನಗೆ ಒಗ್ಗುವುದಿಲ್ಲ. ಯಾರಾದರೂ ಪ್ಯಾಡ್ ಮಾತ್ರ ಬದಲಿಸಿದ್ದೀರಾ?

ಪಾನಾಪೆಟ್ಟಿಗೆ:
ಬದಲಿಸಬಹುದು, ನಾನು ಎರಡು ಗಾಡಿಗಳಿಗೆ ಮಾಡಿದ್ದೇನೆ. ಆದರೆ ಕೊಳ್ಳಲು ಹೊರಡುವ ಮೊದಲು ಒಂದು ಚಾಪೆ ಹಾಸಿಕೊಂಡು ಗಾಡಿಯ ಪಕ್ಕ ಅಂಗಾತ ಮಲಗಿ, ಟಾರ್ಚ್ ಹಿಡಿದು ಸ್ಟೆಪ್‌ನ ತಳ ನೋಡಿ. ಪ್ಯಾಡ್ ಹೇಗೆ ಕೂತಿದೆ ಎನ್ನುವುದು ಮೇಲಿನಿಂದ ಎಂದೂ ಗೊತ್ತಾಗುವುದಿಲ್ಲ.

ಕೆಳಗೆ ಸ್ಕ್ರೂ ಅಥವಾ ನಟ್ಟು ಕಂಡರೆ ಅದೃಷ್ಟ, ಬಿಚ್ಚಿದರೆ ಮುಗಿಯಿತು. ಏನೂ ಕಾಣದೆ ಕೊಳವೆಯ ತಳ ನುಣ್ಣಗಿದ್ದರೆ ಪ್ಯಾಡ್‌ನದೇ ಪ್ಲಾಸ್ಟಿಕ್ ಕ್ಲಿಪ್‌ಗಳು ಮೇಲಿನ ತೂತುಗಳೊಳಗೆ ಹೋಗಿ ಕೊಕ್ಕೆಯಂತೆ ಕಚ್ಚಿಕೊಂಡಿವೆ ಎಂದರ್ಥ. ಕೊಳವೆಯ ಸ್ಟೆಪ್‌ಗಳಲ್ಲಿ ಹೆಚ್ಚಿನವು ಹೀಗೆಯೇ. ಅಂಟಿನಿಂದ ಮಾತ್ರ ಕೂರಿಸಿದವೂ ಉಂಟು. ಅವುಗಳ ಅಂಚು ಸಾಮಾನ್ಯವಾಗಿ ಮೊದಲೇ ಎದ್ದಿರುತ್ತದೆ.

ಎರಡನೇ ಗೇರು:
ಹಾಗೇ ಮಲಗಿರುವಾಗ ಸ್ಟೆಪ್ ಅನ್ನು ಗಾಡಿಗೆ ಹಿಡಿದಿರುವ ಬ್ರಾಕೆಟ್‌ಗಳ ಬೋಲ್ಟುಗಳನ್ನೂ ನೋಡಿ. ಪ್ಯಾಡ್ ಹೊಸದಾಗಿ ಬೋಲ್ಟು ಸಡಿಲವಾಗಿದ್ದರೆ ಏನು ಪ್ರಯೋಜನ? ಬ್ರಾಕೆಟ್‌ನ ಬೆಸುಗೆಯ ಬಳಿ ಕೂದಲೆಳೆಯಷ್ಟು ಬಿರುಕು ಇದ್ದರೆ ತುಕ್ಕಿನ ಕಂದು ಗೆರೆಯೇ ಅದನ್ನು ತೋರಿಸಿಕೊಡುತ್ತದೆ.

ಮಣ್ಣುರಸ್ತೆ:
ಮಲಗಿ ನೋಡಿದೆ. ಬೋಲ್ಟುಗಳು ಭದ್ರವಾಗಿವೆ. ತಳದಲ್ಲಿ ಸ್ಕ್ರೂ ಇಲ್ಲ, ನೀರು ಇಳಿಯಲು ಎರಡು ಸಣ್ಣ ತೂತು ಮಾತ್ರ, ಅವೂ ಮಣ್ಣು ತುಂಬಿ ಮುಚ್ಚಿಹೋಗಿವೆ. ಅಂದರೆ ಕ್ಲಿಪ್ ಇರಬೇಕು.

ಒಂದು ಕಡೆಯಿಂದ ಪ್ಯಾಡ್ ಸ್ವಲ್ಪ ಎತ್ತಿ ನೋಡಲು ಹೋದೆ, ಕರಕ್ ಎಂದಿತು. ಬಿಟ್ಟುಬಿಟ್ಟೆ. ಪ್ಯಾಡ್‌ನ ಉದ್ದ ಅಳೆದಿದ್ದೇನೆ, ಅದರಂತೆ ಹೊಸ ಜೊತೆಗೆ ಹೇಳಿ ಕಳುಹಿಸಿದ್ದೇನೆ. ಬಂದ ಮೇಲೆ ತೆಗೆಯುವ ಸಾಹಸ.

ಪಾನಾಪೆಟ್ಟಿಗೆ:
ಅಯ್ಯೋ, ಉದ್ದ ಅಳೆದು ಹೇಳಿ ಕಳುಹಿಸಿದಿರಾ? ಸ್ವಲ್ಪ ತಡೆಯಬೇಕಿತ್ತು. ಬೇಕಾದದ್ದು ಪ್ಯಾಡ್‌ನ ಉದ್ದವಲ್ಲ, ತೂತಿನ ನಡುವಿನಿಂದ ತೂತಿನ ನಡುವಿಗೆ ಇರುವ ಅಂತರ. ಪ್ಯಾಡ್ 10 ಮಿಲಿಮೀಟರ್ ಉದ್ದವಾದರೆ ಯಾರಿಗೂ ಗೊತ್ತಾಗದು, ಕ್ಲಿಪ್ 3 ಮಿಲಿಮೀಟರ್ ಆಚೆ ಹೋದರೆ ಕೂರುವುದೇ ಇಲ್ಲ.

ಮಣ್ಣುರಸ್ತೆ:
ನಿಮ್ಮ ಬಾಯಿ ಬಹಳ ಹರಿತ. ಪ್ಯಾಡ್ ಇಂದು ಬಂತು. ಉದ್ದ ಕರಾರುವಾಕ್ಕು, ಹಳೆಯದರ ಮೇಲಿಟ್ಟರೆ ಕೂದಲಷ್ಟೂ ವ್ಯತ್ಯಾಸವಿಲ್ಲ. ತಿರುಗಿಸಿ ನೋಡಿದರೆ ಅದರಲ್ಲಿ ನಾಲ್ಕು ಕ್ಲಿಪ್. ನನ್ನ ಹಳೆಯದರಲ್ಲಿ ಎಷ್ಟು ಎಂದು ಈಗ ಹೇಗೆ ತಿಳಿಯುವುದು, ಅದು ಇನ್ನೂ ಗಾಡಿಯ ಮೇಲೇ ಇದೆಯಲ್ಲ!

ಪಾನಾಪೆಟ್ಟಿಗೆ:
ತೆಗೆಯಲೇಬೇಕು. ಯಾವಾಗಲೂ ಮೊದಲು ತೆಗೆ, ಆಮೇಲೆ ಅಳೆ, ಕೊನೆಗೆ ಕೊಳ್ಳು. ಪ್ಯಾಡ್ ಇಲ್ಲದೆ ನಾಲ್ಕು ದಿನ ಗಾಡಿ ಓಡಿಸಿದರೆ ಆಕಾಶ ಕಳಚಿ ಬೀಳುವುದಿಲ್ಲ. ತೂತುಗಳ ಮೇಲೆ ಟೇಪ್ ಹಚ್ಚಿಡಿ, ಇಳಿಯುವಾಗ ಬಾಗಿಲ ಹಿಡಿಕೆ ಹಿಡಿದು ಇಳಿಯಿರಿ, ಅಷ್ಟೇ.

ತೆಗೆಯುವ ಕ್ರಮ ಹೇಳುತ್ತೇನೆ. ಬಿಸಿಲಿಗೆ ನಿಂತ ಗಾಡಿಯಾದರೆ ಉತ್ತಮ. ಚಳಿಯಲ್ಲಿ ಹಳೆಯ ಪ್ಲಾಸ್ಟಿಕ್ ಹಪ್ಪಳದಂತೆ ಮುರಿಯುತ್ತದೆ. ಬಿಸಿಲಿಲ್ಲದಿದ್ದರೆ ಕೂದಲು ಒಣಗಿಸುವ ಡ್ರೈಯರ್ ಸಾಕು, ಒಂದೇ ಜಾಗಕ್ಕೆ ಹಿಡಿಯದೆ ಪ್ಯಾಡ್‌ನ ಉದ್ದಕ್ಕೂ ಆಡಿಸಿ. ಹೀಟ್ ಗನ್ ಇದ್ದರೆ ದೂರದಿಂದ, ಇಲ್ಲವಾದರೆ ಬಣ್ಣ ಗುಳ್ಳೆ ಏಳುತ್ತದೆ. ಪ್ಯಾಡ್‌ನ ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ. ಸ್ಕ್ರೂಡ್ರೈವರ್ ಬೇಡ, ಅದು ಮೊದಲು ಕೋಟಿಂಗ್ ಅನ್ನು ಕೊರೆಯುತ್ತದೆ. ಅಗಲವಾದ ಪ್ಲಾಸ್ಟಿಕ್ ಪಟ್ಟಿಯನ್ನು ಅಂಚಿನಡಿ ತೂರಿಸಿ, ಕ್ಲಿಪ್ ಎಲ್ಲಿದೆ ಎಂದು ತಡವಿ ನೋಡಿ, ಅದರ ಪಕ್ಕದಲ್ಲೇ ಎತ್ತಿ. ಎರಡು ಕ್ಲಿಪ್‌ಗಳ ನಡುವೆ ಎತ್ತಿದರೆ ಪ್ಯಾಡ್ ಬಿಲ್ಲಿನಂತೆ ಬಾಗುತ್ತದೆ, ಕ್ಲಿಪ್ ಮಾತ್ರ ಜಪ್ಪಯ್ಯ ಎಂದರೂ ಬರುವುದಿಲ್ಲ.

ಬಿಡುವಿನ ಮೆಕ್ಯಾನಿಕ್:
ಕೊಳವೆಯ ತುದಿಯಲ್ಲಿ ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಅದನ್ನು ಮೊದಲೇ ಬಿಚ್ಚಿಟ್ಟುಕೊಳ್ಳಿ. ಕಾರಣ ಆಮೇಲೆ ತಿಳಿಯುತ್ತದೆ.

ಅಂಟುಪ್ರಿಯ:
ಇಷ್ಟೆಲ್ಲ ಏಕೆ? ತಪ್ಪಿ ಬಂದಿರುವ ಪ್ಯಾಡ್‌ನ ಕ್ಲಿಪ್‌ಗಳನ್ನು ಬ್ಲೇಡಿನಿಂದ ಕತ್ತರಿಸಿ, ಕಾರಿನ ಲಾಂಛನಗಳಿಗೆ ಬಳಸುವ ಎರಡು ಬದಿಯ ಫೋಮ್ ಟೇಪ್ ಹಚ್ಚಿ ಕೂರಿಸಿ. ಅರ್ಧ ಗಂಟೆಯ ಕೆಲಸ. ಆ ಟೇಪ್ ಕಟ್ಟಡಗಳ ಗಾಜನ್ನೇ ಹಿಡಿದಿಡುತ್ತದೆ.

ತುಕ್ಕುವೈರಿ:
ಗಾಜಿನ ಮೇಲೆ ಯಾರೂ ಕೆಸರು ಬೂಟು ಹಾಕಿಕೊಂಡು ತಿರುಚಿ ಇಳಿಯುವುದಿಲ್ಲ.

ಅಂಟುಪ್ರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ, ಅಕ್ರಿಲಿಕ್ ಫೋಮ್ ಟೇಪ್ ನಿಜಕ್ಕೂ ಬಲವಾದದ್ದು. ಆದರೆ ಅಂಟಿನ ಬಲ ಟೇಪಿನಲ್ಲಷ್ಟೇ ಇಲ್ಲ, ಅದು ಹಿಡಿದುಕೊಳ್ಳುವ ಮೈಯಲ್ಲೂ ಇದೆ. ಇಂಥ ಪ್ಯಾಡ್‌ಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಜಾತಿಯ ಪ್ಲಾಸ್ಟಿಕ್. ಅದರ ಮೇಲೆ ಅಂಟು ಕೆಸುವಿನೆಲೆಯ ಮೇಲಿನ ನೀರು. ಅದಕ್ಕೆಂದೇ ಬರುವ ಪ್ರೈಮರ್ ಸವರದೆ ಹಚ್ಚಿದರೆ ಟೇಪ್ ಕೊಳವೆಗೆ ಅಂಟಿಕೊಂಡು ಉಳಿಯುತ್ತದೆ, ಪ್ಯಾಡ್ ನಿಮ್ಮ ಕಾಲಿನ ಜೊತೆ ಬರುತ್ತದೆ. ಜೊತೆಗೆ ಪ್ಯಾಡ್‌ನ ತಳ ಸಮತಟ್ಟಲ್ಲ, ಬಲ ಕೊಡುವ ಏಣುಗಳಿರುತ್ತವೆ. ಟೇಪಿಗೆ ಮುಟ್ಟಲು ಸಿಗುವುದು ಆ ಏಣುಗಳ ತುದಿ ಮಾತ್ರ.

ಇನ್ನೊಂದು ಮಾತು. ಅಂಥ ಟೇಪ್ ಪೂರ್ತಿ ಬಲ ಪಡೆಯಲು ಕೋಣೆಯ ಉಷ್ಣತೆಯಲ್ಲಿ ಸುಮಾರು 72 ಗಂಟೆ ಬೇಕು, ಮೈ ತಣ್ಣಗಿರುವಾಗ ಹಚ್ಚಿದರೆ ಅದು ಹಿಡಿಯುವುದೇ ಕಷ್ಟ. ಅರ್ಧ ಗಂಟೆಯ ಕೆಲಸ ಎಂದಿರಿ, ಅದು ಹಚ್ಚುವ ಹೊತ್ತು. ಮೂರು ದಿನ ಆ ಬಾಗಿಲಿನಿಂದ ಇಳಿಯದೆ ಇರುವವರು ಯಾರು?

ಅಂಟುಪ್ರಿಯ:
ನನ್ನ ಗಾಡಿಯಲ್ಲಿ ಎರಡು ವರ್ಷದಿಂದ ನಿಂತಿದೆ.

ತುಕ್ಕುವೈರಿ:
ಯಾವ ಬದಿಯದು?

ಅಂಟುಪ್ರಿಯ:
ಹಿಂದಿನ ಬಾಗಿಲಿನದು. ಸರಿ, ಅಲ್ಲಿ ಹೆಚ್ಚು ಜನ ಹತ್ತುವುದಿಲ್ಲ, ಒಪ್ಪಿಕೊಂಡೆ.

ಮಣ್ಣುರಸ್ತೆ:
ತೆಗೆದೆ. ಮೂರು ಪ್ಯಾಡ್ ಸಲೀಸಾಗಿ ಬಂದವು. ಚಾಲಕನ ಬದಿಯದು ಹಟ ಮಾಡಿತು, ಅದರ ಎರಡು ಕ್ಲಿಪ್ ಮುರಿದು ಟಣ್ ಎಂದು ಕೊಳವೆಯೊಳಗೆ ಬಿದ್ದವು. ತುದಿಯ ಮುಚ್ಚಳ ಬಿಚ್ಚಲು ಹೇಳಿದ್ದರ ಕಾರಣ ಈಗ ತಿಳಿಯಿತು. ನಾನು ಬಿಚ್ಚಿರಲಿಲ್ಲ.

ಹಳೆಯದರಲ್ಲಿ ಆರು ಕ್ಲಿಪ್, ಎರಡು ಸಾಲಿನಲ್ಲಿ ಮೂರು ಮೂರು. ಮುಂದಿನ ಪ್ಯಾಡ್‌ಗೂ ಹಿಂದಿನದಕ್ಕೂ ತೂತುಗಳ ಅಂತರ ಬೇರೆ. ಎಡ ಬಲಗಳೂ ಒಂದೇ ಅಲ್ಲ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ತೂತುಗಳ ಮೇಲೆ ರಟ್ಟು ಇಟ್ಟು ಬೆರಳಿನಿಂದ ಒತ್ತಿದೆ, ಅಂಚುಗಳ ಅಚ್ಚು ಮೂಡಿತು, ಅದನ್ನೇ ಅಳೆದೆ. ತಪ್ಪಿ ಬಂದ ಜೊತೆಯನ್ನು ಹಿಂದಿರುಗಿಸಿ ಸರಿಯಾದದ್ದಕ್ಕೆ ಹೇಳಿದ್ದೇನೆ.

ನನಗೆ ಆತಂಕವಾಗಿರುವುದು ಬೇರೆ. ಮೇಲಿನಿಂದ ಫಳಫಳ ಹೊಳೆಯುವ ಸ್ಟೆಪ್, ಪ್ಯಾಡ್ ಎತ್ತಿದರೆ ಅಡಿಯಲ್ಲಿ ಬೆರಳು ದಪ್ಪದ ಕೆಸರು, ಗಾಡಿ ತೊಳೆದು ವಾರವಾದರೂ ಇನ್ನೂ ಹಸಿ. ಅದನ್ನು ಕೆರೆದರೆ ಕೋಟಿಂಗ್ ಸಿಪ್ಪೆಯಂತೆ ಎದ್ದು ಬಂತು. ಕೆಳಗೆ ಕೆಂಪು. ಪ್ರತಿಯೊಂದು ತೂತಿನ ಸುತ್ತಲೂ ತುಕ್ಕಿನ ಪದರ, ಉಗುರಿನಿಂದ ಎಬ್ಬಿಸಿದರೆ ಚಿರೋಟಿಯಂತೆ ಹಾಳೆ ಹಾಳೆಯಾಗಿ ಬರುತ್ತದೆ. ಇಷ್ಟಾಗಿದ್ದರೆ ಗ್ಯಾರೇಜಿನವರು ಹೇಳಿದ್ದೇ ಸರಿಯೇ?

ತುಕ್ಕುವೈರಿ:
ನಾನು ಕಾಯುತ್ತಿದ್ದದ್ದು ಈ ಪ್ರಶ್ನೆಗೆ. ಪ್ಯಾಡ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಕೆಡುವುದು ಅದರ ಅಡಿ. ಪ್ಯಾಡ್‌ಗೂ ಲೋಹಕ್ಕೂ ನಡುವಿನ ಸಂದಿಯಲ್ಲಿ ನೀರು ಸೇರಿದರೆ ಆರುವುದಿಲ್ಲ, ಕೆಸರು ಅದನ್ನು ಒದ್ದೆ ಬಟ್ಟೆಯಂತೆ ಹಿಡಿದಿಡುತ್ತದೆ. ತೂತು ಕೊರೆದ ಅಂಚಿನಲ್ಲಿ ಕೋಟಿಂಗ್ ಮೊದಲಿನಿಂದಲೂ ತೆಳು. ತುಕ್ಕು ಅಲ್ಲಿಂದ ಶುರುವಾಗಿ ಕೋಟಿಂಗ್‌ನ ಅಡಿಯಲ್ಲೇ ಹರಿದಾಡುತ್ತದೆ. ಹಿಮ ಕರಗಿಸಲು ಉಪ್ಪು ಸುರಿಯುವ ರಸ್ತೆಗಳಲ್ಲಿ, ಕಡಲ ಗಾಳಿ ಬೀಸುವ ಕಡೆ ಇದು ಇನ್ನೂ ಬೇಗ.

ಸ್ಟೇನ್‌ಲೆಸ್ ಆದರೆ ಈ ಕಷ್ಟವಿಲ್ಲ ಎಂದು ಯಾರಾದರೂ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ: ಇದೆ. ಸ್ಟೇನ್‌ಲೆಸ್ ಉಕ್ಕನ್ನು ಕಾಯುವುದು ಅದರ ಮೇಲಿನ ಕ್ರೋಮಿಯಂ ಆಕ್ಸೈಡ್ ಪೊರೆ. ಆ ಪೊರೆ ಗಾಯ ಮಾಯಿಸಿಕೊಳ್ಳಲು ಆಮ್ಲಜನಕ ಬೇಕು. ಸಂದಿಯೊಳಗೆ ಗಾಳಿಯಾಡದೆ ಉಪ್ಪು ಮಾತ್ರ ಸೇರಿದರೆ ಅಲ್ಲಲ್ಲಿ ಸೂಜಿ ಚುಚ್ಚಿದಂತೆ ಕೊರೆಯುತ್ತದೆ.

ಈಗ ನಿಮ್ಮ ಕೊಳವೆ. ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಲೋಹ ಗಂಟೆಯಂತೆ ಟಣ್ ಎನ್ನುತ್ತದೆ, ಕೊಳೆತದ್ದು ಒಡೆದ ಮಡಕೆಯಂತೆ ಬದ್ ಎನ್ನುತ್ತದೆ. ತೂತುಗಳ ಸುತ್ತ ಮತ್ತು ಕೊಳವೆಯ ತಳದಲ್ಲಿ ಸ್ಕ್ರೂಡ್ರೈವರಿನ ಮೊನೆಯಿಂದ ಒತ್ತಿ. ಲೋಹ ತಗ್ಗಿದರೆ ಅಥವಾ ಮೊನೆ ಒಳಹೋದರೆ ಸ್ಟೆಪ್ ಬದಲಿಸಿ, ವಾದ ಬೇಡ. ಅದು ಒಬ್ಬರ ಪೂರ್ತಿ ಭಾರ ಹೊರುವ ವಸ್ತು. ಗಟ್ಟಿಯಾಗಿದ್ದರೆ ಅದು ಮೇಲಿನ ತುಕ್ಕು, ಉಳಿಸಬಹುದು.

ಎರಡನೇ ಗೇರು:
ತಳವನ್ನು ಮರೆಯದೆ ನೋಡಿ. ನೀರಿನ ತೂತು ಮುಚ್ಚಿತ್ತು ಎಂದಿರಿ. ಒಳಗೆ ನೀರು ನಿಂತಿದ್ದರೆ ತಳ ಒಳಗಿನಿಂದ ತಿನ್ನಿಸಿಕೊಂಡಿರುತ್ತದೆ, ಹೊರಗೆ ಬಣ್ಣ ಚೆನ್ನಾಗಿಯೇ ಇರುತ್ತದೆ.

ಮಣ್ಣುರಸ್ತೆ:
ತಂತಿ ಚುಚ್ಚಿ ನೀರಿನ ತೂತುಗಳನ್ನು ಬಿಡಿಸಿದೆ. ಮುಂದಿನದರಿಂದ ಒಂದು ಲೋಟದಷ್ಟು ಕಂದು ನೀರು ನೇರ ನನ್ನ ಅಂಗಿಯ ತೋಳಿನೊಳಗೆ ಇಳಿಯಿತು. ಅಂಗಾತ ಮಲಗಿ ಮಾಡುವ ಕೆಲಸಕ್ಕೆ ಕನ್ನಡಕ ಹಾಕಿಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ!

ತಟ್ಟಿ ನೋಡಿದೆ, ಚುಚ್ಚಿ ನೋಡಿದೆ. ಎಲ್ಲ ಕಡೆಯೂ ಟಣ್ ಎನ್ನುತ್ತದೆ. ಬದುಕಿದೆ.

ತುಕ್ಕುವೈರಿ:
ಕನ್ನಡಕ ಹೇಳದೆ ಹೋದದ್ದು ನಮ್ಮದೇ ತಪ್ಪು. ತಂತಿ ಬ್ರಷ್ ಹಿಡಿಯುವಾಗ ಖಂಡಿತ ಹಾಕಿಕೊಳ್ಳಿ, ಅದರ ಎಳೆಗಳೇ ಸಿಡಿದು ಬರುತ್ತವೆ.

ಮುಂದಿನ ಕೆಲಸ: ಸಡಿಲವಾದ ತುಕ್ಕನ್ನೆಲ್ಲ ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಎದ್ದಿರುವ ಕೋಟಿಂಗ್ ಅನ್ನು ಗಟ್ಟಿಯಾಗಿ ಹಿಡಿದಿರುವ ಜಾಗದವರೆಗೂ ಕೆರೆಯಿರಿ, ನಡುವೆ ನಿಲ್ಲಿಸಬೇಡಿ. ಅಂಚನ್ನು ಎಮರಿ ಪೇಪರ್‌ನಿಂದ ಇಳಿಜಾರು ಮಾಡಿ. ತೊಳೆದು, ಚೆನ್ನಾಗಿ ಒಣಗಿಸಿ. ಗುಳಿಗಳಲ್ಲಿ ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್ ಸವರಿ. ಅದು ಕೆಂಪನ್ನು ಕಪ್ಪಾಗಿಸುವುದು ಕಣ್ಣಿಗೇ ಕಾಣುತ್ತದೆ. ಅದು ತುಕ್ಕಿನ ಮೇಲೆ ಕೆಲಸ ಮಾಡುವ ವಸ್ತು, ಸ್ವಚ್ಛ ಲೋಹದ ಮೇಲೆ ಬಳಿದು ಬಣ್ಣವೆಂದುಕೊಳ್ಳಬೇಡಿ. ಅದರ ಮೇಲೆ ಲೋಹದ ಪ್ರೈಮರ್, ಆಮೇಲೆ ಕಪ್ಪು ಬಣ್ಣ, ದಪ್ಪಗೆ ಒಂದೇ ಸಲ ಬಳಿಯದೆ ತೆಳುವಾಗಿ ಎರಡು ಮೂರು ಸಲ. ತೂತುಗಳ ಒಳ ಅಂಚಿಗೆ ಚಿಕ್ಕ ಕುಂಚದಿಂದ ಮುಟ್ಟಿಸಿ, ಸ್ಪ್ರೇ ಅಲ್ಲಿಗೆ ಸರಿಯಾಗಿ ಹೋಗುವುದಿಲ್ಲ. ಮುಂದಿನ ತುಕ್ಕು ಹುಟ್ಟುವುದೂ ಅಲ್ಲೇ.

ಬಣ್ಣ ಮುಟ್ಟಿದರೆ ಅಂಟುವುದಿಲ್ಲ ಎಂದ ಮಾತ್ರಕ್ಕೆ ಪ್ಯಾಡ್ ಹಾಕಬೇಡಿ. ಡಬ್ಬಿಯ ಮೇಲೆ ಬರೆದಷ್ಟು ದಿನ ಬಿಡಿ. ಹಸಿ ಬಣ್ಣದ ಮೇಲೆ ಪ್ಯಾಡ್ ಒತ್ತಿದರೆ ಅದರ ಏಣುಗಳು ಅಷ್ಟೂ ಕಡೆ ಬಣ್ಣ ಕಿತ್ತುಕೊಳ್ಳುತ್ತವೆ.

ಹೊಸ ಸದಸ್ಯ 4:
ಇದನ್ನೇ ಓದುತ್ತಿದ್ದೆ. ನನ್ನದು ಅಲ್ಯೂಮಿನಿಯಂ ಹಲಗೆಯಂಥ ಸ್ಟೆಪ್, ಪ್ಯಾಡ್ ಸ್ಕ್ರೂಗಳಲ್ಲಿ ಕೂತಿದೆ. ಒಂದು ಸ್ಕ್ರೂವೂ ತಿರುಗುತ್ತಿಲ್ಲ, ಸುತ್ತ ಬಿಳಿ ಪುಡಿ ಕೂತಿದೆ.

ಪಾನಾಪೆಟ್ಟಿಗೆ:
ಬಿಳಿ ಪುಡಿ ಅಲ್ಯೂಮಿನಿಯಂನ ತುಕ್ಕು. ಉಕ್ಕಿನ ಸ್ಕ್ರೂ, ಅಲ್ಯೂಮಿನಿಯಂ ಮೈ, ನಡುವೆ ಉಪ್ಪುನೀರು ಸೇರಿದರೆ ಅದೊಂದು ಸಣ್ಣ ಬ್ಯಾಟರಿ, ಸವೆಯುವುದು ಅಲ್ಯೂಮಿನಿಯಂ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಸ್ಕ್ರೂವಿನ ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಟ್ಟು ಮೇಲಿಂದ ಒಂದೆರಡು ಏಟು ಕೊಡಿ. ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ, ಆಮೇಲೆ ಹಿಂದಕ್ಕೆ. ತಲೆ ಸವೆದರೆ ಡ್ರಿಲ್‌ನಿಂದ ತಲೆಯನ್ನಷ್ಟೇ ಹಾರಿಸಿ, ಪ್ಯಾಡ್ ಬಂದ ಮೇಲೆ ಉಳಿದ ಮೊಟಕನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿ. ಮರಳಿ ಹಾಕುವಾಗ ಸ್ಕ್ರೂವಿಗೆ ಆ್ಯಂಟಿ ಸೀಜ್ (ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಸವರಿ, ತಲೆಯಡಿ ನೈಲಾನ್ ವಾಷರ್ ಇಡಿ.

ಮಣ್ಣುರಸ್ತೆ:
ಬಣ್ಣ ಮುಗಿದು ನಾಲ್ಕು ದಿನವಾಯಿತು. ಸರಿಯಾದ ಪ್ಯಾಡ್ ಬಂದಿದೆ, ಆರು ಕ್ಲಿಪ್, ರಟ್ಟಿನ ಅಚ್ಚಿನ ಮೇಲೆ ಇಟ್ಟರೆ ಆರೂ ಕೂರುತ್ತವೆ. ಕ್ಲಿಪ್ ಸಲೀಸಾಗಿ ಹೋಗಲು ಗ್ರೀಸ್ ಹಚ್ಚಲೇ?

ಪಾನಾಪೆಟ್ಟಿಗೆ:
ಗ್ರೀಸ್ ಬೇಡವೇ ಬೇಡ. ಪ್ಯಾಡ್‌ನಲ್ಲಿ ರಬ್ಬರ್ ಇದ್ದರೆ ಪೆಟ್ರೋಲಿಯಂ ಎಣ್ಣೆಗೆ ಉಬ್ಬಬಹುದು, ಮೇಲಾಗಿ ಗ್ರೀಸ್ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಸಾಬೂನು ನೀರು ಸಾಕು, ಅದು ಆರಿಹೋಗುತ್ತದೆ.

ಪ್ಯಾಡ್ ಅನ್ನು ಕೈ ಇಡಬಹುದಾದಷ್ಟು ಬಿಸಿಯಿರುವ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಡಿ. ಆರೂ ಕ್ಲಿಪ್‌ಗಳನ್ನು ತೂತಿನ ಬಾಯಿಗೆ ಇಟ್ಟು, ನಡುವಿನ ಜೋಡಿಯಿಂದ ಶುರುಮಾಡಿ ತುದಿಗಳ ಕಡೆಗೆ ಹೋಗಿ. ತುದಿಯಿಂದ ಶುರುಮಾಡಿದರೆ ಕೊನೆಗೆ ನಡುವೆ ಉಬ್ಬು ಉಳಿದು ಅದನ್ನು ಒತ್ತುವಾಗ ಕ್ಲಿಪ್ ಓರೆಯಾಗಿ ಮುರಿಯುತ್ತದೆ. ಅಂಗೈಯ ಬುಡದಿಂದ ಒತ್ತಿ, ಸಾಲದಿದ್ದರೆ ರಬ್ಬರ್ ಸುತ್ತಿಗೆಯಿಂದ ಕ್ಲಿಪ್‌ನ ನೇರ ಮೇಲೆ. ಪ್ರತಿ ಕ್ಲಿಪ್‌ಗೂ ಒಂದು ಟಕ್ ಕೇಳಬೇಕು. ಆರು ಎಣಿಸಿ. ಐದು ಕೇಳಿದರೆ ಮುಗಿಯಿತು ಎಂದುಕೊಳ್ಳಬೇಡಿ.

ಮಣ್ಣುರಸ್ತೆ:
ಚಾಲಕನ ಬದಿ: ಟಕ್, ಟಕ್, ಟಕ್, ಟಕ್, ಟಕ್. ಆರನೆಯದು ಮೌನ. ಮೂಲೆಗೆ ಕಾಲಿಟ್ಟರೆ ಪ್ಯಾಡ್ ಉಸಿರಾಡುತ್ತದೆ. ತೆಗೆದು ನೋಡಿದರೆ ನಾನೇ ಆ ತೂತಿನ ಒಳ ಅಂಚಿಗೆ ಬಣ್ಣ ಮೆತ್ತಿ ಮೆತ್ತಿ ಅದನ್ನು ಕಿರಿದು ಮಾಡಿಟ್ಟಿದ್ದೇನೆ. ಚಿಕ್ಕ ದುಂಡು ಅರದಿಂದ ಎರಡೇ ಸಲ ಸವರಿ, ಸವರಿದ ಕಡೆ ಮತ್ತೆ ತೆಳುವಾಗಿ ಬಣ್ಣ ಮುಟ್ಟಿಸಿ, ಆರಲು ಬಿಟ್ಟು ಮರುದಿನ ಒತ್ತಿದೆ. ಟಕ್.

ಈಗ ನಿಂತು ಕಾಲು ತಿರುಚಿದರೂ ಅಲುಗುವುದಿಲ್ಲ. ಬೇಕೆಂದೇ ನೀರು ಸುರಿದು, ಅಂದು ಜಾರಿದ ಅದೇ ಚಪ್ಪಟೆ ತಳದ ಬೂಟಿನಲ್ಲಿ ಇಳಿದು ನೋಡಿದೆ. ಗೆರೆಗಳು ಬೂಟನ್ನು ಕಚ್ಚುತ್ತವೆ. ಉಳಿದ ಮೂರೂ ಕೂತವು.

ಒಂದೇ ಕೊರತೆ: ಗಾಡಿ ತಿರುವಿನಲ್ಲಿ ವಾಲಿದಾಗಲೆಲ್ಲ ಕೊಳವೆಯೊಳಗೆ ಆ ಎರಡು ಕ್ಲಿಪ್ ತುಂಡುಗಳು ಗಡಗಡ ಎಂದು ಇತ್ತಿಂದತ್ತ ಓಡುತ್ತವೆ. ತಲೆ ಚಿಟ್ಟು ಹಿಡಿಯುತ್ತಿದೆ.

ಅಂಟುಪ್ರಿಯ:
ದಾರಕ್ಕೆ ಆಯಸ್ಕಾಂತ ಕಟ್ಟಿ ಒಳಗೆ ಬಿಡಿ.

ತುಕ್ಕುವೈರಿ:
ಪ್ಲಾಸ್ಟಿಕ್‌ಗೆ?

ಅಂಟುಪ್ರಿಯ:
ಹೌದಲ್ಲ. ಇವತ್ತು ನನ್ನ ದಿನ ಸರಿಯಿಲ್ಲ.

ಬಿಡುವಿನ ಮೆಕ್ಯಾನಿಕ್:
ಈಗಲಾದರೂ ತುದಿಯ ಮುಚ್ಚಳ ಬಿಚ್ಚಿ. ಗಾಡಿಯ ಮೂತಿ ಇಳಿಜಾರಿನ ಮೇಲ್ಗಡೆ ಇರುವಂತೆ ನಿಲ್ಲಿಸಿ, ಹಿಂದಿನ ತುದಿಯ ಮುಚ್ಚಳ ತೆಗೆದು, ಕೊಳವೆಯನ್ನು ರಬ್ಬರ್ ಸುತ್ತಿಗೆಯಿಂದ ತಟ್ಟುತ್ತ ಬನ್ನಿ. ಕೊಳವೆಯ ತುದಿ ಬಾಗಿದ್ದು ತುಂಡು ಅಲ್ಲಿ ಸಿಕ್ಕಿಕೊಂಡರೆ, ದಪ್ಪ ತಂತಿಯ ಕೊನೆಗೆ ಟೇಪ್ ಅನ್ನು ಅಂಟಿನ ಮೈ ಹೊರಗೆ ಬರುವಂತೆ ಸುತ್ತಿ ತೂರಿಸಿ.

ಎರಡನೇ ಗೇರು:
ಆ ಹೊತ್ತಿಗೆ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಗಾಡಿ ತೊಳೆಯಲು ಕೊಟ್ಟಾಗ ಪ್ಯಾಡ್‌ಗಳಿಗೆ ಟೈರಿಗೆ ಹಾಕುವ ಹೊಳಪಿನ ದ್ರವ ಸವರಬೇಡಿ ಎಂದು ಮೊದಲೇ ಹೇಳಿ. ಹೆಚ್ಚಾಗಿ ಸಿಲಿಕೋನ್ ಎಣ್ಣೆ ಅದು. ಪ್ಯಾಡ್ ಹೊಸದರಂತೆ ಕಪ್ಪಗೆ ಕಾಣುತ್ತದೆ, ಕಾಲಿಟ್ಟರೆ ಪಾಚಿ. ನನ್ನ ಗಾಡಿಯಲ್ಲಿ ಮಗ ಜಾರಿದ್ದು ಹಾಗೆಯೇ, ಪ್ಯಾಡ್ ಸವೆದು ಅಲ್ಲ.

ಮಣ್ಣುರಸ್ತೆ:
ಹಿಂದಿನ ಮುಚ್ಚಳ ಬಿಚ್ಚಿ ತಟ್ಟಿದೆ. ಎರಡು ತುಂಡು ಬರಬೇಕಿತ್ತು, ಬಂದದ್ದು ಮೂರು ತುಂಡು, ಒಂದಿಷ್ಟು ತುಕ್ಕಿನ ಚೂರು, ಒಂದು ಒಣಗಿದ ಕಣಜದ ಗೂಡು. ಮೂರನೆಯ ಕ್ಲಿಪ್ ಯಾರ ಕಾಲದ್ದೋ, ನನ್ನ ಹಳೆಯ ಪ್ಯಾಡ್‌ಗಳಲ್ಲಿ ಅಂಥ ಬಣ್ಣದ್ದು ಇಲ್ಲ. ಹಿಂದಿನ ಮಾಲೀಕರೂ ಈ ಕೆಲಸ ಮಾಡಿರಬೇಕು. ಈಗ ತಿರುವಿನಲ್ಲಿ ಸದ್ದಿಲ್ಲ.

ಹೊಸ ಸದಸ್ಯ 4:
ನನ್ನ ಸ್ಕ್ರೂಗಳೂ ಬಂದವು, ಒಂದರ ತಲೆ ಮಾತ್ರ ಹಾರಿಸಬೇಕಾಯಿತು. ಅಂದಹಾಗೆ ಮಣ್ಣುರಸ್ತೆಯವರೇ, ತಮ್ಮನ ಪಿಕಪ್‌ನಲ್ಲೂ ಕೊಳವೆಯ ಸ್ಟೆಪ್, ಹಿಂದಿನ ಒಂದು ಪ್ಯಾಡ್ ದಾರಿಯಲ್ಲೆಲ್ಲೋ ಬಿದ್ದುಹೋಗಿದೆ. ನೀವು ತೆಗೆದ ಹಳೆಯ ಹಿಂದಿನ ಪ್ಯಾಡ್‌ಗಳು ಇನ್ನೂ ಇವೆಯೇ?

ಮಣ್ಣುರಸ್ತೆ:
ಇವೆ, ಎರಡೂ ಮುರಿಯದೆ ಬಂದವು, ಗೆರೆಗಳೂ ಚೆನ್ನಾಗಿವೆ. ಕಳುಹಿಸಿಕೊಡುತ್ತೇನೆ. ಅದಕ್ಕೂ ಮೊದಲು ತೂತಿನ ನಡುವಿನಿಂದ ತೂತಿನ ನಡುವಿಗೆ ಎಷ್ಟಿದೆ, ಎಡವೋ ಬಲವೋ, ಅಳೆದು ಹೇಳಿ.